ಜೀರುಂಡೆ ಕೂಗದ ಲಕೋಟೆ

ಕೆಂಗೇರಿ
14 ಜೂನ್ 2025

ಅಜ್ಜ,

ನಿನ್ನ ಜೀರುಂಡೆ ಇವತ್ತು ಹಾಸ್ಟೆಲ್ ಮೆಸ್ಸಲ್ಲಿ ಕೂಗ್ತು. ನಾನು ಬುದ್ಧಿ ಇಲ್ದೆ ಊಟದ ಮಧ್ಯ ಲಕೋಟೆ ಒಡೆದೆ. ಕಾಗದದ ಮಡಿಕೆ ಬಿಚ್ಚಿದ್ದೇ ತಡ, ಗುರ್ರ್ ಅಂತು! ನನ್ನ ರೂಮ್‌ಮೇಟ್ ರಕ್ಷಾ ಸಾರಿನ ಬಟ್ಟಲ ಸಮೇತ ಬೆಂಚ್ ಹತ್ತಿ ನಿಂತ್ಲು. ವಾರ್ಡನ್ ಜಗದಾಂಬಾ ಮೇಡಂ ಓಡಿ ಬಂದು "ಏನೇ ಅದು, ಹಾವಾ?" ಅಂದ್ರು. "ಹಾವಲ್ಲ ಮೇಡಂ, ನಮ್ಮಜ್ಜ" ಅಂದೆ. ಆಮೇಲೆ ಹೇರ್‌ಪಿನ್ನು, ರಬ್ಬರ್ ಬ್ಯಾಂಡು, ಅಂಗಿ ಗುಂಡಿ ಮೂರೂ ತೋರ್ಸಿ ವಿವರಿಸಿದೆ. ರಬ್ಬರನ್ನ ಚೆನ್ನಾಗಿ ತಿರುಚಿ ಕಾಗದದ ಮಡಿಕೇಲಿ ಒತ್ತಿ ಇಡ್ತಾರೆ, ಬಿಚ್ಚಿದ ತಕ್ಷಣ ಗುಂಡಿ ಗಿರಗಿರ ತಿರುಗತ್ತೆ, ಎಪ್ಪತ್ತಾರು ವರ್ಷ ಆದ್ರೂ ಒಂದು ಕಾಗದಕ್ಕೂ ತಪ್ಪಿಸಲ್ಲ ಅಂತ. "ಒಂದು ಸಲಕ್ಕೆ ಒಂದೇ ಸಲ ಕೂಗೋದಾ?" ಅಂತ ಕೇಳಿದ್ರು. ಹೂಂ ಅಂದೆ. ಮೇಡಂ ನಗಲಿಲ್ಲ. ಆದ್ರೆ ಗುಂಡೀನ ಎರಡು ಸಲ ತಿರುಗಿಸಿ ನೋಡಿದ್ರು.

ಇಲ್ಲಿ ಫೋನ್ ಇಲ್ಲ. ಭಾನುವಾರ ಮೇಡಂ ರೂಮಿಂದ ಐದು ನಿಮಿಷ, ಅದೂ ಅಮ್ಮನ ಜೊತೆ. ನಿನಗಂತೂ ಫೋನಲ್ಲಿ ಅರ್ಧ ಕೇಳಿಸಲ್ಲ. ಬಸವೇಶ್ವರನಗರದಿಂದ ಕೆಂಗೇರಿಗೆ ಗಂಟೆ ದಾರಿ ಕೂಡ ಇಲ್ಲ. ಆದ್ರೂ ಕಾಗದಕ್ಕೆ ನಾಲ್ಕು ದಿನ ಬೇಕು, ನೋಡು. ಫಿಸಿಕ್ಸ್ ಪುಸ್ತಕದೊಳಗೆ ಕವಿತೆ ಸಿಕ್ಕಿದ್ದಕ್ಕೆ ಅಪ್ಪ-ಅಮ್ಮ ಹಾಕಿದ ಶಿಕ್ಷೆ ಇದು. ಸೆಕೆಂಡ್ ಪಿಯು ಮುಗಿಯೋವರೆಗೂ ಕವಿತೆ ಬಂದ್. ನಿನಗೆ ಮಾತ್ರ ಕಳಿಸ್ತೀನಿ, ಅಮ್ಮನಿಗೆ ಹೇಳ್ಬೇಡ. ನನ್ನ ಕೆಂಪು ನೋಟ್‌ಬುಕ್ ನಿನ್ನ ಟ್ರಂಕಲ್ಲೇ ಇರ್ಲಿ. ಆರನೇ ಕ್ಲಾಸಿಂದ ಬರೆದಿರೋದೆಲ್ಲ ಅದ್ರಲ್ಲಿದೆ, ಇನ್ನೊಂದು ಪ್ರತಿ ಇಲ್ಲ.

ಹೊಸದು ನೋಡು. ಕಾಟು-ಚಿತ್ತು ಎಲ್ಲ ಹಾಗೇ ಬಿಟ್ಟಿದೀನಿ, ನೀನು ಕಲಿಸಿದ ಹಾಗೆ:

ಕಿಟಕಿಗೆ ಆರು ಸರಳು,
ಲೆಕ್ಕ ಬಹಳ ಸರಳ:
ಆಚೆ ಐದು ತುಂಡು ಆಕಾಶ,
ಈಚೆ ಒಂದೇ ಒಂದು ಪೂರ್ತಿ ನಾನು.

ಇದನ್ನ ಕ್ಲಾಸಲ್ಲಿ ಒಬ್ಬ ನೋಡ್ದ. ಅಭಿನವ್ ಅಂತ, ವಿಜಯನಗರದೋನು, ಹಾಸ್ಟೆಲ್ ಅಲ್ಲ, ದಿನಾ ಮೆಟ್ರೋದಲ್ಲಿ ಬರ್ತಾನೆ. ಕಾಲೇಜಿನ ಗೋಡೆ ಪತ್ರಿಕೆ ಅವನೇ ನೋಡ್ಕೊಳ್ಳೋದು. "ಕೊನೇ ಸಾಲು ನಿನ್ನದಲ್ಲ, ದೇವರು ಬಂದು ಬರೆದಿರೋದು" ಅಂದ. ಮೂರು ಪಿರಿಯಡ್ ನನಗೇನೂ ಕೇಳಿಸ್ಲಿಲ್ಲ ಅಜ್ಜ.

ಅನಘಾ


ಬಸವೇಶ್ವರನಗರ
20 ಜೂನ್ 2025

ನಮ್ಮ ಅನಘಾ,

ಅನಘಾ ಎಂದರೆ ಪಾಪ ಇಲ್ಲದವಳು ಎಂದು ಹೆಸರಿಟ್ಟವನು ನಾನೇ. ಈಗ ಮನೆಯಲ್ಲಿ ನಿನ್ನ ಖಾಲಿ ಕುರ್ಚಿ ನೋಡಿ, "ಪಾಪ, ಇಲ್ಲದವಳು" ಎಂದು ಓದಿಕೊಳ್ಳುತ್ತಿದ್ದೇನೆ. ಒಂದು ಅಲ್ಪವಿರಾಮ ಏನೆಲ್ಲ ಮಾಡುತ್ತದೆ ನೋಡು. ಪ್ರೆಸ್ಸಿನಲ್ಲಿ ಮೂವತ್ತೈದು ವರ್ಷ ಕರಡು ತಿದ್ದಿದವನಿಗೆ ಬೇರೆ ಯೋಚನೆ ಬರುವುದಿಲ್ಲ.

ನಿನ್ನ ಸರಳು ಚೆನ್ನಾಗಿದೆ. "ಒಂದೇ ಒಂದು" ಎಂಬಲ್ಲಿ ಮೊದಲು "ಬರೀ" ಎಂದು ಬರೆದು ಹೊಡೆದು ಹಾಕಿದ್ದೀಯ. ಹೊಡೆದದ್ದು ಸರಿ. ಯಾವಾಗಲೂ ಹೊಡೆದ ಗುರುತು ಇರುವ ಹಾಳೆಯನ್ನೇ ಕಳಿಸು. ಕವಿತೆ ಎಲ್ಲಿ ಎಡವಿತು, ಎಲ್ಲಿ ಎದ್ದಿತು ಎಂಬುದು ನನಗೆ ಅಲ್ಲೇ ಕಾಣುವುದು.

ನಿಮ್ಮ ಮೆಸ್ಸಿನ ಉಪ್ಪಿಟ್ಟು ಹೇಗಿದೆ? ಹೆಸರೇ ಹೇಳುತ್ತದಲ್ಲ, ಉಪ್ಪು ಇಟ್ಟು ಉಳಿದದ್ದು ಮರೆತಿರುತ್ತಾರೆ. ನಿಮ್ಮಮ್ಮನಿಗೆ ಏನೂ ಹೇಳುವುದಿಲ್ಲ. ನಿನ್ನ ಗುಟ್ಟು ನನ್ನ ಹೊಟ್ಟೆಯಲ್ಲಿ. ಹೊಟ್ಟೆ ಎಷ್ಟು ದೊಡ್ಡದಿದೆ ಎಂದು ನಿನಗೆ ಗೊತ್ತು.

ಆ ವಿಜಯನಗರದ ಹುಡುಗನಿಗೆ ಹೇಳು, ದೇವರು ಕವಿತೆ ಬರೆಯುವುದಿಲ್ಲ. ನಮ್ಮ ಅನಘಾ ಬರೆದಿದ್ದು ಅದು.

ನಿನ್ನ ಅಜ್ಜ
ಗುರುಸಿದ್ದಯ್ಯ


ಕೆಂಗೇರಿ
12 ಜುಲೈ 2025

ಅಜ್ಜ,

ಜೀರುಂಡೆ ಈ ಸಲ ಬಾತ್‌ರೂಮಲ್ಲಿ ಕೂಗ್ತು, ಅಲ್ಲಿ ಹೋಗಿ ಒಡೆದಿದ್ದಕ್ಕೆ ಬಚಾವ್!

ಈ ಕಾಗದ ಪೋಸ್ಟಲ್ಲಿ ಬರಲ್ಲ, ಅಭಿನವ್ ಕೈಲಿ ಬರತ್ತೆ. "ನಾಲ್ಕು ದಿನ ಯಾಕೆ ಕಾಯ್ತೀಯ, ನಾನು ಸಂಜೆ ಆ ಕಡೆಗೇ ಹೋಗ್ತೀನಲ್ಲ, ಕೊಟ್ಟು ಬರ್ತೀನಿ" ಅಂದ. ನಿನ್ನ ಉತ್ತರಾನೂ ಅವನೇ ತರ್ತಾನೆ. ಮಧ್ಯಾಹ್ನ ಮೂರಕ್ಕೆ ಕ್ಲಾಸ್ ಬಿಡತ್ತೆ, ಅಮ್ಮ ಬ್ಯಾಂಕಿಂದ ಬರೋಷ್ಟ್ರಲ್ಲಿ ಬಂದು ಹೋಗಿರ್ತಾನೆ.

ಅಜ್ಜ, ಅವನು ನನ್ನ ಕವಿತೆ ಓದೋ ರೀತಿ ನೋಡ್ಬೇಕು. ಪೆನ್ಸಿಲ್ ಹಿಡ್ಕೊಂಡು ಓದ್ತಾನೆ. ಬೇಡದ ಪದ ಕಂಡ್ರೆ ಸುತ್ತು ಹಾಕ್ತಾನೆ. ನಾನು ಬೇರೆಯವ್ರಿಗೆ ಓದಿ ಹೇಳಿದ್ರೆ ಮಾತ್ರ ಬೇಜಾರು ಮಾಡ್ಕೋತಾನೆ. "ಎಲ್ರಿಗೂ ಹಂಚಿದ್ರೆ ನನಗೇನು ಉಳೀತು?" ಅಂತಾನೆ. ರಕ್ಷಾ ಅದಕ್ಕೆ "ಅದೇನು ಕವಿತೆನೋ ಕಡಲೇಕಾಯೋ?" ಅಂದ್ಲು. ಅವತ್ತಿಂದ ಇಬ್ರಿಗೂ ಆಗಲ್ಲ.

ಇನ್ನೊಂದು ಗುಟ್ಟಿದೆ. ಆಮೇಲೆ ಹೇಳ್ತೀನಿ.

ಅನಘಾ


ಬಸವೇಶ್ವರನಗರ
15 ಜುಲೈ 2025

ಪುಟ್ಟಿ,

ನಿನ್ನ ಟಪಾಲಿನವನು ಬಂದಿದ್ದ. ವಿಜಯನಗರದವನಲ್ಲವೇ, ಬಂದ ಹತ್ತೇ ನಿಮಿಷಕ್ಕೆ ನನ್ನನ್ನು ಗೆದ್ದುಬಿಟ್ಟ. ಚಪ್ಪಲಿ ಸಾಲಾಗಿ ಬಿಟ್ಟು, ಕಾಲಿಗೆ ನಮಸ್ಕಾರ ಮಾಡಿ, ಕಾಫಿ ಕುಡಿದ ಲೋಟ ತಾನೇ ತೊಳೆದಿಟ್ಟ.

"ತಾತ, ನೀವೇ ಅವಳಿಗೆ ಮೊದಲ ಗುರು ಅಂತೆ" ಎಂದ.

"ಗುರುಸಿದ್ದಯ್ಯ ಅಂತ ಹೆಸರಲ್ಲೇ ಗುರು ಇದೆ ಕಣಪ್ಪ, ಸಿದ್ಧ ಆಗಿದೀನೋ ಇಲ್ವೋ ಗೊತ್ತಿಲ್ಲ" ಎಂದೆ.

"ಅವಳು ಏನೇನೋ ಬರೆದು ಕೆಡಿಸ್ಕೋತಾಳೆ ತಾತ. ಯಾರಾದ್ರೂ ಜೊತೇಲಿ ನಿಂತು ಸರಿ ಮಾಡ್ಬೇಕು."

ಎಷ್ಟು ಕಾಳಜಿ ನೋಡು! ನಮ್ಮ ಕಾಲದಲ್ಲಿ ಒಬ್ಬ ಒಳ್ಳೆಯ ಓದುಗ ಸಿಗಬೇಕಾದರೆ ರಾಜಾಜಿನಗರದ ಪ್ರೆಸ್ಸು ಪ್ರೆಸ್ಸು ಅಲೆಯಬೇಕಿತ್ತು. ನಿನಗೆ ಪಕ್ಕದ ಬೆಂಚಿನಲ್ಲೇ ಸಿಕ್ಕಿದ್ದಾನೆ. ನಾವಿಬ್ಬರೂ ಸೇರಿ ಒಂದು ಸಂಚು ಹೂಡಿದ್ದೇವೆ. ನಿನ್ನ ಹುಟ್ಟುಹಬ್ಬದವರೆಗೂ ಕೇಳಬೇಡ. ಬಾಯಿಗೆ ಬೀಗ.

ಜೀರುಂಡೆಗೆ ಈ ಸಲ ಕೋಟಿನ ದೊಡ್ಡ ಗುಂಡಿ ಹಾಕಿದ್ದೇನೆ. ಹುಷಾರು.

ಅಜ್ಜ


ಕೆಂಗೇರಿ
9 ಆಗಸ್ಟ್ 2025

ಪ್ರೀತಿಯ ಅಜ್ಜ,

ನಾನು ಕ್ಷೇಮವಾಗಿದ್ದೇನೆ. ಪಾಠಗಳು ಚೆನ್ನಾಗಿ ನಡೆಯುತ್ತಿವೆ. ರಕ್ಷಾ ಬೇರೆ ರೂಮಿಗೆ ಹೋದಳು, ಓದಲು ಅದೇ ಒಳ್ಳೆಯದು. ಅಕ್ಷರ ಸೊಟ್ಟ ಬಂದಿದ್ದರೆ ತಪ್ಪು ತಿಳಿಯಬೇಡ, ಮಣಿಕಟ್ಟಿಗೆ ಡೆಸ್ಕಿನ ಅಂಚು ತಗುಲಿದೆ. ಗಣೇಶನ ಹಬ್ಬಕ್ಕೆ ಬರಲಾಗುವುದಿಲ್ಲ, ವಿಶೇಷ ತರಗತಿ ಇದೆ.

ಕನ್ನಡ ಮೇಷ್ಟ್ರು ನವೆಂಬರ್ ಒಂದರ ಕವಿಗೋಷ್ಠಿಗೆ ನನ್ನ ಹೆಸರು ಬರೆದುಕೊಂಡಿದ್ದಾರೆ. ಅಲ್ಲಿಗೆ ಬರೆದ ಕವಿತೆ:

ಓ ಸೂರ್ಯನೇ, ನಿನ್ನ ಪದತಲದ ಧೂಳು ನಾನು,
ನಿನ್ನ ಕಿರಣ ತಾಗದಿರೆ ಬರಿಯ ಶೂನ್ಯ ನಾನು,
ನೀ ತಿದ್ದಿದಂತೆ ತಿರುಗುವ ಭೂಮಿ ನಾನು.

ಅಭಿನವ್ ಇದನ್ನು ಮೆಚ್ಚಿದ್ದಾನೆ.

ಅನಘಾ


ಬಸವೇಶ್ವರನಗರ
16 ಆಗಸ್ಟ್ 2025

ಪುಟ್ಟಿ,

ಕಾಗದ ನೋಡಿ ಮೊದಲು ಯಾವುದೋ ಸಂಘದ ಸಭೆಯ ನೋಟೀಸು ಬಂತೆಂದುಕೊಂಡೆ. "ಕ್ಷೇಮವಾಗಿದ್ದೇನೆ" ಅಂತೆ! ಯಾವ ಕ್ಷೇಮಾಭಿವೃದ್ಧಿ ಸಂಘ ಸೇರಿಕೊಂಡೆ?

ಸೂರ್ಯನ ಕವಿತೆ ಓದಿದೆ. ಒಂದೂ ಕಾಟಿಲ್ಲ, ಅಷ್ಟು ಶುದ್ಧ ಪ್ರತಿ. ನಿಜ ಹೇಳಲೇ? ಸರಳಿನ ಆಚೆಗಿದ್ದ ಐದು ತುಂಡು ಆಕಾಶ ನನಗೆ ಇದಕ್ಕಿಂತ ಇಷ್ಟ. ಆದರೆ ಹದಿನೇಳರಲ್ಲಿ ಯಾರಾದರೂ ಒಬ್ಬರು ಸೂರ್ಯ ಆಗಿಯೇ ಆಗುತ್ತಾರೆ. ನಿನಗೆ ಯಾರು ಎಂದು ನನಗೆ ಗೊತ್ತು. ಮುದುಕನಿಗೆ ಕಣ್ಣು ಮಂಜಾದರೂ ಇಂಥದ್ದು ಚೆನ್ನಾಗಿ ಕಾಣುತ್ತದೆ ಕಣೇ. ಹುಡುಗ ಒಳ್ಳೆಯವನು. ಪೆನ್ಸಿಲ್ ಹಿಡಿದು ಓದುವವನು ಸಿಕ್ಕುವುದು ಕಷ್ಟ. ಸಾಲಿಗೆ ಕತ್ತರಿ ಹಾಕಿದಾಗ ಉರಿಯುತ್ತದೆ, ನನಗೂ ಉರಿದಿತ್ತು. ಸಿಟ್ಟು ಮಾಡಿಕೊಳ್ಳಬೇಡ. ಅವನು ಹೇಳಿದ ಹಾಗೆ ಕೇಳು.

ಕೈಗೆ ಎಣ್ಣೆ ಹಚ್ಚಿ ಬಿಸಿನೀರು ಬಿಡು.

ಅಜ್ಜ


ಕೆಂಗೇರಿ
13 ಸೆಪ್ಟೆಂಬರ್ 2025

ಅಜ್ಜನವರಿಗೆ,

ನೀವು ಇನ್ನು ಪತ್ರ ಬರೆಯುವುದು ಬೇಡ. ಓದಿಗೆ ತೊಂದರೆಯಾಗುತ್ತದೆ. ಕವಿಗೋಷ್ಠಿಯಲ್ಲಿ ನಾನು ಓದುತ್ತಿಲ್ಲ. ನೀವು ಹೇಳಿದ ಹಾಗೆಯೇ ಕೇಳುತ್ತಿದ್ದೇನೆ.

ಅನಘಾ


ಬಸವೇಶ್ವರನಗರ
6 ಅಕ್ಟೋಬರ್ 2025

ಅನಘಾ,

ಈ ಲಕೋಟೆಯ ಮೇಲೆ ರಕ್ಷಾಳ ಹೆಸರು ಬರೆದು ಅಂಚೆಗೆ ಹಾಕುತ್ತಿದ್ದೇನೆ. ಆ ಹುಡುಗಿ ನಿನಗೆ ಕೊಡುತ್ತಾಳೆಂದು ನಂಬಿದ್ದೇನೆ. ಎಲ್ಲಾದರೂ ಒಬ್ಬಳೇ ಕೂತು ಓದು. ಜೀರುಂಡೆ ಇಟ್ಟಿಲ್ಲ.

ನೀನು ನನ್ನನ್ನು "ನೀವು" ಎಂದೆಯಲ್ಲ, ಅದನ್ನು ಓದಿ ನಾನು ಸಿಟ್ಟು ಮಾಡಿಕೊಂಡೆ. ಮೊಮ್ಮಗಳಿಗೆ ದೊಡ್ಡಸ್ತಿಕೆ ಬಂತು, ಕವಿಗೋಷ್ಠಿ ಬಿಡುವಷ್ಟು ಸೊಕ್ಕು ಬಂತು ಎಂದುಕೊಂಡೆ. ಆಮೇಲೂ ಎರಡು ಪತ್ರ ಅವನ ಕೈಗೆ ಕೊಟ್ಟೆ. ಉತ್ತರ ಬರಲಿಲ್ಲ. ಮೂರನೆಯದಕ್ಕೆ ರಬ್ಬರು ತಿರುಚುತ್ತಾ ಕೂತಿದ್ದಾಗ ಕೈ ನಿಂತಿತು. ಜುಲೈ ಹದಿನೈದರಿಂದ ಅವನ ಕೈಲಿ ಕಳಿಸಿದ್ದು ನಾಲ್ಕು ಜೀರುಂಡೆ. ಒಂದರ ಬಗ್ಗೆಯೂ ನೀನು ಬೈದಿಲ್ಲ. ಐದನೇ ಕ್ಲಾಸಿನಿಂದ ಒಂದು ಸಲವೂ ಬೈಯದೆ ಬಿಟ್ಟವಳಲ್ಲ ನೀನು.

ರಬ್ಬರು ಸತ್ತಿರಬಹುದೇ ಎಂದು ಅದೇ ಡಬ್ಬಿಯದನ್ನು ಒಂದು ಲಕೋಟೆಯಲ್ಲಿಟ್ಟು, ವಾರ ಬಿಟ್ಟು ಒಡೆದೆ. ಚೆನ್ನಾಗಿಯೇ ಕೂಗಿತು.

ಮೊನ್ನೆ ಶನಿವಾರ ಅವನು ಬಂದಾಗ, ಖಾಲಿ ಹಾಳೆಯಲ್ಲಿ ಜೀರುಂಡೆ ಮಡಿಸಿ, ಲಕೋಟೆ ಅಂಟಿಸಿ ಕೊಟ್ಟೆ. "ಬರ್ತೀನಿ ತಾತ" ಎಂದು ಕಾಲು ಮುಟ್ಟಿ ಇಳಿದ. ನಾನು ಬಾಲ್ಕನಿಗೆ ಹೋದೆ. ತಿರುವಿನ ಹಾಲಿನ ಬೂತಿನ ಹತ್ತಿರ ನಿಂತು ಲಕೋಟೆ ಹರಿದ. ಅಷ್ಟು ದೂರದ ಸದ್ದು ನನಗೆ ಕೇಳಿಸುವುದಿಲ್ಲ, ಆದರೆ ಅವನು ಬೆಚ್ಚಿ ಹಾರಿದ್ದು ಕಂಡಿತು. ಕೆಳಗೆ ಬಿದ್ದದ್ದನ್ನು ಚಪ್ಪಲಿಯಿಂದ ಹೊಸಕಿದ. ಹಾಳೆ ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ತಲೆ ಎತ್ತಿದ. ನಾನು ಕಂಡೆ. ನಗುತ್ತಾ ಕೈ ಬೀಸಿದ. ನಾನೂ ಬೀಸಿದೆ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ.

ಅಂದರೆ ನನ್ನ ಪತ್ರಗಳನ್ನು ಮೊದಲು ಓದುತ್ತಿದ್ದವನು ಅವನು. ನಿನ್ನವನ್ನೂ ಇರಬೇಕು. ಸೂರ್ಯನ ಕವಿತೆಯಲ್ಲಿ ಒಂದೂ ಕಾಟು ಯಾಕಿರಲಿಲ್ಲ ಎಂಬುದು ಈಗ ಹೊಳೆಯುತ್ತಿದೆ.

ಇನ್ನೊಂದು ಹೇಳಬೇಕು. ನಿನ್ನ ಕೆಂಪು ನೋಟ್‌ಬುಕ್ ನನ್ನ ಟ್ರಂಕಿನಲ್ಲಿಲ್ಲ. ಜುಲೈನಲ್ಲೇ ಅವನಿಗೆ ಕೊಟ್ಟೆ. "ತಾತ, ಅವಳ ಬರ್ತ್‌ಡೇಗೆ ಪುಸ್ತಕ ಮಾಡಿಸಿ ಸರ್‌ಪ್ರೈಸ್ ಕೊಡೋಣ, ಅವಳಿಗೆ ಹೇಳ್ಬೇಡಿ" ಎಂದ. ಚೇಷ್ಟೆ ಎಂದರೆ ನನಗೆ ಹೊತ್ತು ಗೊತ್ತು ಇಲ್ಲ, ನಿನಗೇ ತಿಳಿದಿದೆ. ಎರಡನೇ ಸಲ ಯೋಚಿಸದೆ ಟ್ರಂಕಿನ ಬೀಗ ತೆಗೆದೆ. ನಾನು ಹೇಳಿದ್ದ ಸಂಚು ಅದೇ.

ಏನಾಗುತ್ತಿದೆ ಪುಟ್ಟಿ? ಕೈಗೆ ಏನಾಗಿತ್ತು? ಹಬ್ಬಕ್ಕೆ ಯಾವ ವಿಶೇಷ ತರಗತಿಯೂ ಇರಲಿಲ್ಲವಂತೆ. ಕಾಲೇಜಿಗೆ ಫೋನ್ ಮಾಡಿಸಿ ಕೇಳಿದೆ.

ಅಜ್ಜ


ಕೆಂಗೇರಿ
12 ಅಕ್ಟೋಬರ್ 2025

ಅಜ್ಜ,

ರಕ್ಷಾ ಅಮ್ಮ ಇವತ್ತು ನೋಡೋಕೆ ಬಂದಿದಾರೆ, ಅವರ ಕೈಲಿ ಇದನ್ನ ಕಳಿಸ್ತಿದೀನಿ. ಬೇಗ ಬೇಗ ಬರೀತೀನಿ. ಕಾಟೆಲ್ಲ ಹಾಗೇ ಇರತ್ತೆ.

ನೋಟ್‌ಬುಕ್ ನೀನು ಬೇಕಂತಲೇ ಕೊಟ್ಟೆ ಅಂದ್ಕೊಂಡಿದ್ದೆ. ಅವನು ಹಂಗೇ ಹೇಳ್ದ. "ನಿಮ್ಮಜ್ಜಂಗೂ ಗೊತ್ತು ನೀನು ಸರಿ ಇಲ್ಲ ಅಂತ, ಅದಕ್ಕೇ ನನ್ನ ಕೈಗೆ ಒಪ್ಪಿಸಿದಾನೆ" ಅಂದ. ಆಮೇಲೆ ನಿನ್ನ ಆಗಸ್ಟ್ ಕಾಗದ ತೋರ್ಸಿದ. "ಅವನು ಹೇಳಿದ ಹಾಗೆ ಕೇಳು" ಅನ್ನೋ ಸಾಲನ್ನ ನನ್ನ ಕೈಲಿ ಮೂರು ಸಲ ಗಟ್ಟಿಯಾಗಿ ಓದಿಸ್ದ. ನಿನ್ನ ಅಕ್ಷರ ಅಜ್ಜ. ಸುಳ್ಳು ಅಂತ ಹೆಂಗೆ ಹೇಳ್ಲಿ?

ಆಮೇಲೆ ಹೇಳ್ತೀನಿ ಅಂದಿದ್ದ ಗುಟ್ಟು ಫೋನು. ಜುಲೈನಲ್ಲಿ ಅವನೇ ತಂದುಕೊಟ್ಟ, ಚಿಕ್ಕದು, ಬಟನ್ನಿಂದು. ಎಷ್ಟು ಪ್ರೀತಿ ಅಂದ್ಕೊಂಡೆ. ದಿಂಬಿನ ಕವರಲ್ಲಿ ಇಟ್ಕೋಬೇಕು. ಎರಡನೇ ರಿಂಗಿಗೆ ಎತ್ತಬೇಕು. ಎತ್ತದಿದ್ರೆ ಯಾರ ಜೊತೆ ಇದ್ದೆ, ಏನು ಮಾತಾಡ್ದೆ, ಎಲ್ಲ ಹೇಳ್ಬೇಕು. ರಕ್ಷಾಗೆ ಇದು ಗೊತ್ತಾಯ್ತು, "ಕೊಟ್ಟುಬಿಡೇ ಆ ದರಿದ್ರಾನ" ಅಂದ್ಲು. ಮಾರನೇ ದಿನ ಅವಳ ಜೊತೆ ಒಂದೇ ರೂಮಲ್ಲಿ ಇರಬಾರ್ದು ಅಂದ. ನಾನೇ ಅವಳ ಜೊತೆ ಜಗಳ ತೆಗೆದು ಕಳಿಸ್ದೆ. ಅಷ್ಟಾದ್ರೂ ನಿನ್ನ ಲಕೋಟೆ ಒಡೀದೆ ತಂದುಕೊಟ್ಟಿದಾಳೆ.

ಡೆಸ್ಕಿನ ಅಂಚಲ್ಲ. ಕನ್ನಡ ಮೇಷ್ಟ್ರು ನನ್ನ ಹೆಸರು ಕರೆದಾಗ ನಾನು ನಕ್ಕೆ ಅಂತ, ಲ್ಯಾಬಿನ ಹಿಂದೆ ಕೈ ಹಿಡಿದು ತಿರುಚಿದ, ಊತ ಇನ್ನೂ ಪೂರ್ತಿ ಇಳಿದಿಲ್ಲ. ಆಮೇಲೆ ಅವನೇ ಅತ್ತ. ನಾನೇ ಸಮಾಧಾನ ಮಾಡ್ದೆ.

ಎತ್ತದೆ ಹೋದ ಪ್ರತಿ ಫೋನಿಗೆ ನೋಟ್‌ಬುಕ್ಕಿಂದ ಒಂದು ಹಾಳೆ ಹರೀತಾನೆ. ಮಾರನೇ ದಿನ ಚೂರುಗಳನ್ನ ಕವರಲ್ಲಿ ಹಾಕಿ ತಂದುಕೊಡ್ತಾನೆ. ನೂರ ಹನ್ನೆರಡು ಹಾಳೆ ಇತ್ತು. ನಲವತ್ತೊಂದು ಹೋಗಿದೆ. ನಿನ್ನ ಖಾಲಿ ಹಾಳೆಗೆ ಎರಡು. "ಏನೋ ಸಂಕೇತ ಇದು, ಮುದುಕ ಏನು ಹೇಳ್ತಿದಾನೆ?" ಅಂತ ಬ್ರೇಕ್ ಪೂರ್ತಿ ಕೇಳ್ದ. ನನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ.

ನವೆಂಬರ್ ಒಂದಕ್ಕೆ ನನ್ನ ಬದ್ಲು ಅವನು ಓದ್ತಾನೆ. ನೋಟ್‌ಬುಕ್ಕಲ್ಲಿರೋ ನನ್ನ ಕವಿತೆಗಳನ್ನ, ಅವನ ಹೆಸರಲ್ಲಿ. ನಾನು ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ಹೊಡೀಬೇಕು. ಬಿಟ್ಟುಹೋಗ್ತೀನಿ ಅಂದ್ರೆ ಫೋನಿನ ವಿಷಯ, ನಾನು ಕಳಿಸಿರೋ ಮೆಸೇಜು, ಎಲ್ಲ ಅಮ್ಮನಿಗೆ ಮತ್ತೆ ಪ್ರಿನ್ಸಿಪಾಲ್‌ಗೆ ಹೇಳ್ತಾನಂತೆ. ಕಾಲೇಜಿಂದ ತೆಗೀತಾರೆ. ಅಮ್ಮ ಇನ್ನೊಂದು ಸಲ ನನ್ನನ್ನ ನಂಬಲ್ಲ.

ಮನಸ್ಸಲ್ಲೇ ಬರ್ಕೊಂಡಿದ್ದು ಒಂದಿದೆ, ಕಾಗದಕ್ಕೆ ಇಳಿಸ್ತಿರೋದು ಇದೇ ಮೊದಲು:

ಸ್ನಾನಕ್ಕೂ ಜೊತೆಗೆ ಒಯ್ಯುತ್ತೇನೆ,
ಸೋಪಿನ ಡಬ್ಬಿಯ ಪಕ್ಕ ಇಡುತ್ತೇನೆ,
ರಿಂಗು ಕೇಳಿಸಬೇಕಲ್ಲ ಎಂದು
ನೀರನ್ನು
ಸದ್ದಾಗದ ಹಾಗೆ ಸುರಿದುಕೊಳ್ಳುತ್ತೇನೆ.

ಅಮ್ಮನಿಗೆ ಮಾತ್ರ ಹೇಳ್ಬೇಡ ಅಜ್ಜ. ಕೈ ಮುಗೀತೀನಿ. ನವೆಂಬರ್ ಒಂದು ಮುಗಿದ್ರೆ ಎಲ್ಲ ಸರಿಹೋಗತ್ತೆ.

ಅನಘಾ


ಬಸವೇಶ್ವರನಗರ
14 ಅಕ್ಟೋಬರ್ 2025

ಅನಘಾ,

ರಕ್ಷಾಳ ಅಮ್ಮ ಇದನ್ನು ನಾಳೆ ನಿನ್ನ ಕೈಗೇ ಮುಟ್ಟಿಸುತ್ತೇನೆಂದು ಒಪ್ಪಿದ್ದಾರೆ.

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನವೆಂಬರ್ ಒಂದು ಮುಗಿದರೆ ಏನೂ ಸರಿಹೋಗುವುದಿಲ್ಲ ಮಗಳೇ. ಚಪ್ಪಾಳೆ ಹೊಡೆದ ಮೇಲೆ ಅವನು ಇನ್ನೊಂದು ಕೇಳುತ್ತಾನೆ. ನಿನ್ನಲ್ಲಿ ಹಾಳೆ ಮುಗಿಯುವವರೆಗೂ ಕೇಳುತ್ತಾನೆ.

ನಿಮ್ಮಮ್ಮನಿಗೆ ಹೇಳುವುದಿಲ್ಲ ಎಂದು ಜೂನ್‌ನಲ್ಲಿ ಮಾತು ಕೊಟ್ಟಿದ್ದೆ. ಆ ಮಾತನ್ನು ಮುರಿಯುತ್ತೇನೆ. ಬೆನ್ನ ಹಿಂದೆ ಮುರಿಯಬಾರದೆಂದು ಮೊದಲೇ ತಿಳಿಸುತ್ತಿದ್ದೇನೆ. ಶನಿವಾರ ಬೆಳಿಗ್ಗೆ, ಹದಿನೆಂಟನೇ ತಾರೀಕು, ತಿಂಡಿ ಆದ ಮೇಲೆ ನಿಮ್ಮಮ್ಮ ಬಸವರಾಜೇಶ್ವರಿಯನ್ನು ಕೂರಿಸಿಕೊಂಡು ಎಲ್ಲ ಹೇಳುತ್ತೇನೆ. ನನ್ನ ಪಾಲು ಏನೆಂಬುದನ್ನು ಮೊದಲು ಹೇಳುತ್ತೇನೆ. ಅದಕ್ಕೆ ಮುಂಚೆ ನೀನೇ ಹೇಳಬೇಕೆನಿಸಿದರೆ ಜಗದಾಂಬಾ ಮೇಡಂ ರೂಮಿಗೆ ಹೋಗಿ ಫೋನ್ ಮಾಡು. ಶುಕ್ರವಾರದವರೆಗೆ ನಾನು ಬಾಯಿ ತೆರೆಯುವುದಿಲ್ಲ. ನಡುವೆ ಅವನು ಮತ್ತೆ ಕೈ ಮುಟ್ಟಿದ ಎಂದು ರಕ್ಷಾ ಒಂದು ಮಾತು ಕಳಿಸಿದರೂ ಶನಿವಾರಕ್ಕೆ ಕಾಯುವುದಿಲ್ಲ. ಆಟೋ ಹಿಡಿದು ಬರುತ್ತೇನೆ.

ಆ ಹಾಳೆಗಳಿಗಾಗಿ ಹೆದರಬೇಡ ಎಂದು ಹೇಳುವ ಯೋಗ್ಯತೆ ನನಗಿಲ್ಲ. ಕೊಟ್ಟವನು ನಾನು.

ನೀನು ನನ್ನನ್ನು ದ್ವೇಷಿಸಬಹುದು. ಶನಿವಾರ ಮಾತ್ರ ಬದಲಾಗುವುದಿಲ್ಲ.

ಅಜ್ಜ


ಬಸವೇಶ್ವರನಗರ
24 ಅಕ್ಟೋಬರ್ 2025

ಅನಘಾ,

ಇದನ್ನು ಅಂಚೆಗೆ ಹಾಕುವ ಮೊದಲು ನಿಮ್ಮಮ್ಮನಿಗೆ ಓದಲು ಕೊಟ್ಟಿದ್ದೇನೆ.

ಕಳೆದ ಶುಕ್ರವಾರ ಸಂಜೆ ಮನೆಯ ಫೋನ್ ಬಡಿದುಕೊಂಡಾಗ ನಾನು ಪಕ್ಕದಲ್ಲೇ ಇದ್ದೆ. ಬಸವರಾಜೇಶ್ವರಿ ಎತ್ತಿಕೊಂಡಳು. "ಹೇಳೇ" ಎಂದಳು. ಕೇಳುತ್ತಾ ಕೇಳುತ್ತಾ ನಿಂತಿದ್ದವಳು ನೆಲದ ಮೇಲೆ ಕೂತಳು. "ನೀನು ಅಲ್ಲೇ ಇರು, ಮೇಡಂ ಪಕ್ಕದಿಂದ ಏಳ್ಬೇಡ, ನಾನು ಬಂದೆ" ಎಂದಳು. ಬ್ಯಾಗು ಕೂಡ ತೆಗೆದುಕೊಳ್ಳಲಿಲ್ಲ. ನಿಮ್ಮಪ್ಪ ಚನ್ನವೀರೇಶ ಗಾಡಿ ತೆಗೆದ. ನಾನು ಹಿಂದೆ ಕೂತೆ. ದಾರಿಯುದ್ದಕ್ಕೂ ನನ್ನ ಪಾಲಿನದನ್ನು ಹೇಳಿದೆ. ನಾಯಂಡಹಳ್ಳಿಯ ಟ್ರಾಫಿಕ್ಕಿನಲ್ಲಿ ಹೇಳಿದ್ದು ನೋಟ್‌ಬುಕ್ಕಿನ ವಿಷಯ. ನಿಮ್ಮಮ್ಮ ತಿರುಗಿ "ಮಾವ, ನಿಮಗೆ ಎಲ್ಲಾನೂ ಆಟ" ಎಂದಳು. ಅಷ್ಟೇ.

ಅಪ್ಪ-ಅಮ್ಮ ಒಳಗೆ ಹೋದರು. ನಾನು ಗೇಟಿನ ಹತ್ತಿರ ಸೆಕ್ಯೂರಿಟಿಯವನ ಸ್ಟೂಲಿನ ಮೇಲೆ ಕೂತಿದ್ದೆ. ನೀವು ಮೂವರೂ ಹೊರಗೆ ಬಂದಾಗ ನೀನು ನನ್ನ ಕಡೆ ನೋಡಲಿಲ್ಲ. ದೀಪಾವಳಿಗೆ ನೀನು ಮನೆಗೆ ಬಂದು ನಾಲ್ಕು ದಿನ ಇದ್ದೆ. ನನ್ನ ರೂಮಿನ ಬಾಗಿಲು ದಾಟುವಾಗ ಗೋಡೆಯ ಕಡೆಗೆ ನಡೆದೆ. ನಾನು ಕರೆಯಲಿಲ್ಲ. ಕರೆಯುವ ಹಕ್ಕಿದೆ ಎನಿಸಲಿಲ್ಲ.

ನಿನ್ನ ಮಣಿಕಟ್ಟನ್ನು ಊಟಕ್ಕೆ ಕೂತಾಗ ನೋಡಿದೆ.

ಏನಾದರೂ ತಮಾಷೆ ಬರೆದು ಮುಗಿಸಬೇಕೆಂದು ಕೈ ತುಡಿಯುತ್ತದೆ. ತಡೆದುಕೊಂಡಿದ್ದೇನೆ.

ಅಜ್ಜ


ಕೆಂಗೇರಿ
3 ನವೆಂಬರ್ 2025

ಅಜ್ಜ,

ಆ ಶುಕ್ರವಾರ ಏನಾಯ್ತು ಅಂತ ನೀನು ಕೇಳಿಲ್ಲ. ಆದ್ರೂ ಹೇಳ್ತೀನಿ.

ಜಗದಾಂಬಾ ಮೇಡಂ ರೂಮಿನ ಮುಂದೆ ನಿಂತಿದ್ದೆ. ಜೇಬಲ್ಲಿ ಅವನ ಫೋನ್ ಹೊಡ್ಕೊಳ್ತು. ಒಂದು, ಎರಡು. ಕೈ ತಾನಾಗೇ ಜೇಬಿಗೆ ಹೋಯ್ತು ಅಜ್ಜ, ಅಷ್ಟು ಅಭ್ಯಾಸ. ರಕ್ಷಾ ನನ್ನ ತೋಳು ಹಿಡ್ಕೊಂಡಿದ್ಲು. ನಾನು ಮೆಲ್ಲಗೆ ಹಿಡ್ಕೋ ಅಂದಿದ್ದೆ, ಹಂಗೇ ಮೆಲ್ಲಗೆ. ಮೂರು, ನಾಲ್ಕು. ಒಂಬತ್ತು ಸಲ ಹೊಡ್ಕೊಂಡು ನಿಂತ್ಹೋಯ್ತು. ಒಂದು ಹಾಳೆ ಹೋಯ್ತು ಅಂದ್ಕೊಂಡೆ. ಮತ್ತೆ ಶುರುವಾಯ್ತು. ಹಂಗೇ ಹೊಡ್ಕೊಳ್ತಾ ಇರೋವಾಗ್ಲೇ ಬಾಗಿಲು ತಟ್ಟಿ, ಫೋನನ್ನ ಮೇಡಂ ಟೇಬಲ್ ಮೇಲಿಟ್ಟೆ. "ಇದು ನನ್ನದಲ್ಲ ಮೇಡಂ, ಅಮ್ಮನಿಗೆ ಫೋನ್ ಮಾಡ್ಬೇಕು" ಅಂದೆ. ಮೇಡಂ ಫೋನ್ ನೋಡಿದ್ರು, ನನ್ನ ಕೈ ನೋಡಿದ್ರು, ಎದ್ದು ಬಾಗಿಲು ಹಾಕಿದ್ರು. "ಕೂತ್ಕೋಮ್ಮ. ಮೊದಲು ನೀರು ಕುಡಿ" ಅಂದ್ರು.

ಪ್ರಿನ್ಸಿಪಾಲ್ ಮಾತ್ರ "ಎರಡೂ ಕಡೆ ತಪ್ಪಿದೆ, ಬೋರ್ಡ್ ಎಕ್ಸಾಮ್ ಹತ್ರ ಇದೆ, ದೊಡ್ಡದು ಮಾಡೋದು ಬೇಡ" ಅಂದ್ರು. ಅಮ್ಮ "ನನ್ನ ಮಗಳ ಕೈ ನೋಡಿ ಆ ಮಾತು ಇನ್ನೊಂದು ಸಲ ಹೇಳಿ ಸಾರ್" ಅಂದ್ಲು. ಅಪ್ಪ ದೂರು ಬರೆದು, ಸೀಲು ಹಾಕಿಸ್ಕೊಂಡ ಮೇಲೇ ಎದ್ದಿದ್ದು. ಅವನನ್ನ ಎರಡು ವಾರ ಬರಬೇಡ ಅಂದಿದಾರೆ. ಆಮೇಲೆ ಬೇರೆ ಸೆಕ್ಷನ್ನು, ಬೇರೆ ಗೇಟು. ಕೌನ್ಸೆಲರ್ ವರಲಕ್ಷ್ಮಿ ಮೇಡಂ ಅಂತ ಇದಾರೆ, ವಾರಕ್ಕೆರಡು ಸಲ ಹೋಗ್ತೀನಿ. ನೋಟ್‌ಬುಕ್ಕನ್ನ ಅಭಿನವ್ ಅಮ್ಮ ತಂದು ಆಫೀಸಲ್ಲಿ ಕೊಟ್ಟು, ಯಾರ ಮುಖಾನೂ ನೋಡ್ದೆ ಹೋದ್ರು. ಇನ್ನೂ ತೆರೆದು ನೋಡಿಲ್ಲ.

ಮೊನ್ನೆ ಕವಿಗೋಷ್ಠೀಲಿ ಓದಿದೆ. ಎರಡು ಸಾಲು ಮರೆತುಹೋಯ್ತು. ಎಲ್ಲೋ ಒಂದು ಫೋನ್ ರಿಂಗಾಯ್ತು, ಕೈ ಜೇಬಿಗೆ ಹೋಗಿ ವಾಪಸ್ ಬಂತು. ಆಮೇಲೆ ಉಳಿದಿದ್ದು ಓದಿದೆ. ಚೆನ್ನಾಗೇನೂ ಬರ್ಲಿಲ್ಲ. ಆದ್ರೆ ನಾನೇ ಓದಿದೆ.

ಸುಳ್ಳು ಹೇಳಲ್ಲ. ನನಗೆ ಒಂದೊಂದ್ಸಲ ಅವನು ನೆನಪಾಗ್ತಾನೆ, ದೇವರು ಬಂದು ಬರೆದಿರೋದು ಅಂದ ಮೊದಲನೇ ದಿನ. ಹಂಗೆ ನೆನಪಾದಾಗ ನನ್ನ ಮೇಲೇ ಸಿಟ್ಟು ಬರತ್ತೆ. ವರಲಕ್ಷ್ಮಿ ಮೇಡಂ "ಬರ್ಲಿ ಬಿಡು, ಸಿಟ್ಟೂ ಬರ್ಲಿ, ನೆನಪೂ ಬರ್ಲಿ" ಅಂತಾರೆ.

ನಿನ್ನ ಮೇಲೂ ಸಿಟ್ಟಿದೆ. ಅವನ ಮೇಲಿರೋ ಥರದ್ದಲ್ಲ. ಬೇರೆ ಥರ, ಅದಕ್ಕೇ ಜಾಸ್ತಿ ನೋಯತ್ತೆ. ನನ್ನನ್ನ ಕೇಳ್ದೆ ನೀನು ನೋಟ್‌ಬುಕ್ ಕೊಟ್ಟೆ. ಕಾಫಿ ಲೋಟ ತೊಳೆದಿಟ್ಟ ಅಂತ ನಂಬಿಬಿಟ್ಟೆ. ನೀನು ಹೇಳಿದ್ದೀಯ ಅಂತ ಅಷ್ಟು ದಿನ ಸಹಿಸ್ಕೊಂಡೆ ನಾನು. ಇದನ್ನ ಬರೆದ ಮೇಲಾದ್ರೂ ಕಮ್ಮಿ ಆಗತ್ತೆ ಅಂದ್ಕೊಂಡಿದ್ದೆ, ಆಗಿಲ್ಲ.

ಭಾನುವಾರ ಅಮ್ಮ ನೋಡೋಕೆ ಬರ್ತಾಳೆ. ನೀನೂ ಬಾ. ಈ ಸಲ ಗೇಟ್ ಹತ್ರ ಕೂರ್ಬೇಡ, ಒಳಗೆ ಬಾ. ಹುಣಸೆ ಮರದ ಕೆಳಗೆ ಕಲ್ಲಿನ ಬೆಂಚಿದೆ. ನಾನು ಮಾತಾಡ್ತೀನೋ ಇಲ್ವೋ ಗೊತ್ತಿಲ್ಲ. ನೀನೂ ಏನೂ ಹೇಳ್ಬೇಡ. ಬಂದು ಪಕ್ಕದಲ್ಲಿ ಕೂತ್ಕೋ.

ಅನಘಾ